ಶಿಶಿಲದ ದೇವರ ಮೀನು, ನನ್ನ ಗಾಜಿನ ಪೆಟ್ಟಿಗೆ

ನೈಟ್ರೇಟ್ 80 ಮುಟ್ಟಿದ್ದು ಒಂದು ಭಾನುವಾರ ಬೆಳಗ್ಗೆ. ಟೆಸ್ಟ್ ಕಿಟ್‌ನ ಪುಟ್ಟ ಕೊಳವೆಯಲ್ಲಿ ನೀರು ಕುಂಕುಮ ಕದಡಿದ ಹಾಗೆ ಕೆಂಪಾಯ್ತು. ಬಣ್ಣದ ಚೀಟಿಯ ಪಕ್ಕ ಇಟ್ಟು ನೋಡಿದೆ, ಕಿಟಕಿ ಹತ್ತಿರ ಹೋಗಿ ಮತ್ತೆ ನೋಡಿದೆ. 80 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 80 ಮಿಲಿಗ್ರಾಂ. ನಾವು ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಇಟ್ಟಿರುವ ಮಿತಿಯೇ 45. ಹವಳದ ದಿಬ್ಬಗಳಿರುವ ಸಮುದ್ರದಲ್ಲಿ ಇದು ಒಂದರ ಹತ್ತಿರವೂ ಸುಳಿಯುವುದಿಲ್ಲ. ಬೆಂಗಳೂರಿನ ಎರಡನೇ ಮಹಡಿಯಲ್ಲಿ, ಸೋಫಾ ಪಕ್ಕ, ಇನ್ನೂರು ಲೀಟರ್ ಉಪ್ಪುನೀರು ಕೂಡಿಟ್ಟುಕೊಂಡ ನಾನು ಸಮುದ್ರ ಸಾಕುತ್ತಿದ್ದೇನೆ ಅಂದುಕೊಂಡಿದ್ದೆ. ಸಾಕುತ್ತಿದ್ದದ್ದು ಚರಂಡಿಯನ್ನು.

ಬೆಳ್ತಂಗಡಿಯ ಮಾವನಿಗೆ ಫೋನಲ್ಲಿ ಹೇಳಿದೆ. ಅವರಿಗೆ ಎರಡು ಎಕರೆ ಅಡಿಕೆ ತೋಟ, ಪಕ್ಕದಲ್ಲೊಂದು ತೋಡು, ಮತ್ತು ನನ್ನ ಹವ್ಯಾಸದ ಬಗ್ಗೆ ಮುಗಿಯದ ತಮಾಷೆ ಉಂಟು.

"ಎಂತ ಮಾರಾಯ, ಹೊಳೆಯಾದ್ರೆ ಮಳೆಗಾಲ ಬಂದು ತೊಳ್ಕೊಂಡು ಹೋಗ್ತದೆ. ನಿನ್ನ ಪೆಟ್ಟಿಗೆಗೆ ಮಳೆಗಾಲ ಎಲ್ಲಿಂದ ಬರ್ಬೇಕು?"

ಅಕ್ವೇರಿಯಂ ವಿಜ್ಞಾನದ ಪುಸ್ತಕಗಳು ಮುನ್ನೂರು ಪುಟದಲ್ಲಿ ಹೇಳುವುದನ್ನು ಮಾವ ಒಂದು ವಾಕ್ಯದಲ್ಲಿ ಮುಗಿಸಿದ್ದರು. ಮೀನಿಗೆ ಹಾಕುವ ಪ್ರತಿ ಚಿಟಿಕೆ ಆಹಾರವೂ ಕೊನೆಗೆ ಅಮೋನಿಯಾ ಆಗುತ್ತದೆ. ಕಲ್ಲು, ಮರಳಿನ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಗಾಡಿ ನಿಲ್ಲುತ್ತದೆ. ಮುಂದಕ್ಕೆ ಹೋಗಲು ದಾರಿ ಇಲ್ಲ, ಆದ್ದರಿಂದ ದಿನವೂ ಒಂದಿಷ್ಟು ಕೂಡುತ್ತಾ ಹೋಗುತ್ತದೆ. ವಾರಕ್ಕೆ ಕಾಲುಭಾಗ ನೀರು ಬದಲಾಯಿಸಿದರೆ 80 ಇದ್ದದ್ದು 60 ಆಗುತ್ತದೆ; ಮುಂದಿನ ವಾರದೊಳಗೆ ಮೀನುಗಳು ಅದನ್ನು ಮತ್ತೆ ತುಂಬಿಸಿಕೊಡುತ್ತವೆ. ಆರ್‌ಒ ನೀರು, ಪ್ಯಾಕೆಟ್ ಉಪ್ಪು, ಬಕೆಟ್ಟು, ಬೆನ್ನುನೋವು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಮೀನಿಗಿಂತ ಉಪ್ಪಿಗೇ ಹೆಚ್ಚು ಖರ್ಚು.

ಇದನ್ನು ಮಾಡುವುದು ಜೀವಿಗಳು, ಬರಿಯ ರಸಾಯನ ಕ್ರಿಯೆ ಅಲ್ಲ ಅಂತ ಗೊತ್ತಾದದ್ದು 1877ರಲ್ಲಿ. ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ಫ್ರೆಂಚರು ಉದ್ದನೆಯ ಕೊಳವೆಯಲ್ಲಿ ಮರಳು, ಸುಣ್ಣಕಲ್ಲು ತುಂಬಿ ಮೇಲಿಂದ ಚರಂಡಿ ನೀರನ್ನು ನಿಧಾನವಾಗಿ ಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಬರುವ ನೀರಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಬಿಟ್ಟರು, ನಿಂತುಹೋಯಿತು. ತೋಟದ ಮಣ್ಣು ತೊಳೆದ ನೀರು ಹಾಕಿದರು, ಮತ್ತೆ ಶುರು. ಅರಿವಳಿಕೆಗೆ ಮಂಕಾಗುವಂಥದ್ದು ಅಂದಮೇಲೆ ಅದು ಜೀವವೇ ಇರಬೇಕು! ಹೊಸದಾಗಿ ಟ್ಯಾಂಕ್ ಇಟ್ಟವರಿಗೆ ಅಂಗಡಿಯವರು "ಒಂದು ತಿಂಗಳು ಮೀನು ಬಿಡ್ಬೇಡಿ, ಸೈಕಲ್ ಆಗ್ಲಿ" ಅನ್ನುತ್ತಾರಲ್ಲ, ಅದರ ಹಿಂದೆ ಇರುವುದು ಆ ಇಪ್ಪತ್ತು ದಿನಗಳ ಕಾಯುವಿಕೆ.

ಸರಿ, ಉಪಾಯ ಏನು? ಉಪ್ಪುನೀರಿನವರು ಕೊಡುವ ಉತ್ತರ ರೆಫ್ಯೂಜಿಯಂ. ಲ್ಯಾಟಿನ್ ಪದ, ಓಡಿಬಂದು ತಲೆಮರೆಸಿಕೊಳ್ಳುವ ಜಾಗ ಅಂತ ಅರ್ಥ. ಟ್ಯಾಂಕಿನ ಕೆಳಗೆ, ಕಪಾಟಿನೊಳಗೆ, ಸಂಪ್ ಅಂತ ಇನ್ನೊಂದು ಗಾಜಿನ ಪೆಟ್ಟಿಗೆ ಇರುತ್ತದೆ. ಅದರಲ್ಲೊಂದು ಖಾನೆ ಬಿಟ್ಟು, ಕೀಟೊಮಾರ್ಫಾ ಎಂಬ ಹಸಿರು ಪಾಚಿಯ ಉಂಡೆ ಹಾಕಿ, ದೀಪ ಕೊಡುವುದು. ನೋಡಲಿಕ್ಕೆ ಗಾಳದ ಹಸಿರು ನೂಲು ಸಿಕ್ಕುಗಟ್ಟಿದ ಹಾಗೆ. ಇದರ ಬಂಧುಗಳು ನಮ್ಮ ಕರಾವಳಿಯ ಬಂಡೆಗಳ ಮೇಲೂ ಅಲೆಗೆ ಮೈಯೊಡ್ಡಿಕೊಂಡು ಬೆಳೆಯುತ್ತವೆ. ಪಾಚಿ ನೈಟ್ರೇಟ್ ತಿಂದು ದಪ್ಪಗಾಗುತ್ತದೆ. ನೀವು ವಾರಕ್ಕೊಮ್ಮೆ ಒಂದು ಹಿಡಿ ಕಿತ್ತು ಹೊರಗೆ ಹಾಕಬೇಕು. ಹೊರಗೆ ಹಾಕುವುದೇ ಮುಖ್ಯ. ಕೀಳದೆ ಬಿಟ್ಟರೆ ಪಾಚಿ ಅಲ್ಲೇ ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ಕಕ್ಕುತ್ತದೆ. ದೀಪ ಉರಿಸುವುದು ರಾತ್ರಿ. ಮೇಲಿನ ಟ್ಯಾಂಕ್ ಕತ್ತಲಾದಾಗ ನೀರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಪಿಎಚ್ ಇಳಿಯುತ್ತದೆ, ಕೆಳಗಿನ ಪಾಚಿ ಆ ಹೊತ್ತಿಗೆ ಎದ್ದು ಕೆಲಸ ಮಾಡಿದರೆ ಇಳಿತ ಕಮ್ಮಿ. ನಮ್ಮ ಆಫೀಸಿನ ನೈಟ್ ಶಿಫ್ಟ್ ಇದ್ದ ಹಾಗೆ.

ಆದರೆ ಆ ಖಾನೆಗೆ ರೆಫ್ಯೂಜಿಯಂ ಅಂತ ಹೆಸರು ಬಂದದ್ದು ಪಾಚಿಯಿಂದಲ್ಲ. ಮೇಲಿನ ಟ್ಯಾಂಕಲ್ಲಿ ಮೀನಿನ ಬಾಯಿಗೆ ಸಿಕ್ಕಿ ಮುಗಿದುಹೋಗುವ ಸಾಸಿವೆಗಿಂತ ಸಣ್ಣ ಕೋಪೆಪಾಡ್‌ಗಳು ಇಲ್ಲಿ ಪಾಚಿಯ ಸಿಕ್ಕಿನೊಳಗೆ ಅಡಗಿ, ಮರಿ ಮಾಡಿ, ಹೆಚ್ಚಾದವು ಪಂಪಿನ ಮೂಲಕ ಮೇಲಕ್ಕೆ ಹೋಗುತ್ತವೆ. ಎರಡೂ ಕಡೆ ಹರಿಯುವ ನೀರು ಒಂದೇ. ತಿನ್ನುವವರು ಮಾತ್ರ ಈಚೆ ಬರುವ ಹಾಗಿಲ್ಲ.

ಈ ಏರ್ಪಾಡನ್ನು ಮೊದಲ ಸಲ ಓದಿದಾಗ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡಿದ್ದು ಶಿಶಿಲದಲ್ಲಿ.

ಧರ್ಮಸ್ಥಳದಿಂದ ಕೊಕ್ಕಡ, ಅರಸಿನಮಕ್ಕಿ ದಾಟಿ ಹೋದರೆ ಘಟ್ಟದ ಬುಡದಲ್ಲಿ ಶಿಶಿಲ. ಎತ್ತಿನ ಭುಜ ಟ್ರೆಕ್ಕಿಂಗ್‌ಗೆ ಹೋದ ನಿಮಗೆ ಹೆಸರು ಗೊತ್ತಿರಬಹುದು. ಶಿಶಿಲೇಶ್ವರ ದೇವಸ್ಥಾನದ ಪಕ್ಕದಲ್ಲೇ ಕಪಿಲಾ ಹೊಳೆ, ಹೊಳೆಯಲ್ಲಿ ದೇವರ ಮೀನು. ಮಹಶೀರ್ ಜಾತಿಯವು, ಮೈಮೇಲೆ ಬೆರಳಗಲದ ಹುರುಪೆ. ಮೆಟ್ಟಿಲಲ್ಲಿ ಕೂತು ಒಂದು ಹಿಡಿ ಮಂಡಕ್ಕಿ ಎಸೆದರೆ ನೀರೇ ಕಪ್ಪಾಗಿ ಮೇಲೆದ್ದು ಬಂದ ಹಾಗೆ ಬರುತ್ತವೆ. ಯಾರೂ ಹಿಡಿಯುವುದಿಲ್ಲ. ಬಲೆ ಇಲ್ಲ, ಬೇಲಿ ಇಲ್ಲ, ಗಾಜು ಇಲ್ಲ. ಮೀನು ಬೇಕಾದರೆ ಕೆಳಗಿನ ಊರಿಗೆ ಈಜಿಕೊಂಡು ಹೋಗಬಹುದು, ಮಳೆಗಾಲದಲ್ಲಿ ಹೋಗುವುದೂ ಉಂಟು. ಅಲ್ಲಿ ಅದು ಸಾರಿನ ಮೀನು. ದೇವಸ್ಥಾನದ ಎದುರು ಬಂದರೆ ದೇವರ ಮೀನು. ಗಡಿ ಇರುವುದು ನೀರಲ್ಲಿ ಅಲ್ಲ, ದಡದ ಮೇಲೆ ನಿಂತವರ ತಲೆಯಲ್ಲಿ.

ಇದು ಶಿಶಿಲದಲ್ಲಿ ಮಾತ್ರ ಅಲ್ಲ. ಸುಳ್ಯದ ತೊಡಿಕಾನ, ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಕಾವೇರಿಯ ರಾಮನಾಥಪುರ, ಎಲ್ಲ ಇದೇ ಏರ್ಪಾಡು. ಅಶೋಕ ತನ್ನ ಐದನೇ ಸ್ತಂಭ ಶಾಸನದಲ್ಲಿ ಇಂತಿಂಥ ದಿನ ಮೀನು ಹಿಡಿಯಬಾರದು, ಮಾರಬಾರದು ಅಂತ ಬರೆಸಿದ. ಅವನದ್ದು ದಿನದ ಲೆಕ್ಕ, ಇಲ್ಲಿಯದು ಜಾಗದ ಲೆಕ್ಕ. ಹಾಗಂತ ನಮ್ಮ ಹಿಂದಿನವರೆಲ್ಲ ಮೀನಿನ ಭಕ್ತರಾಗಿದ್ದರು ಅಂದುಕೊಳ್ಳಬೇಡಿ. ಕಲ್ಯಾಣದ ಚಾಳುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಗಾಳ ಹಾಕುವುದಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಯಾವುದಕ್ಕೆ ಯಾವ ತಿಂಡಿ ಹಾಕಿ ಪಳಗಿಸಬೇಕು, ಎಲ್ಲ ಉಂಟು. ಪ್ರೀತಿಯಿಂದ ತಿನ್ನಿಸುವುದು, ಆಮೇಲೆ ಎಳೆಯುವುದು.

ನಮ್ಮ ಜಿಲ್ಲೆಯ ಹೊಳೆಮೀನಿನ ವಿಚಾರ ಸರ್ಕಾರಿ ಕಾಗದಕ್ಕೆ ದೊಡ್ಡದಾಗಿ ಹತ್ತಿದ್ದು ಒಬ್ಬ ಗಾಳದ ಹುಚ್ಚಿನವನಿಂದ. ಹೆನ್ರಿ ಸಲ್ಲಿವನ್ ಥಾಮಸ್, ದಕ್ಷಿಣ ಕೆನರಾದ ಕಲೆಕ್ಟರ್. ಈ ಜಿಲ್ಲೆಯಲ್ಲಿ ಮೀನು ಸಾಕಣೆ ಹೇಗೆ ಎಂಬ ಬಗ್ಗೆ ಅವನ ವರದಿ 1870ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1873ರಲ್ಲಿ 'ದ ರಾಡ್ ಇನ್ ಇಂಡಿಯಾ' ಎಂಬ ಅವನ ಪುಸ್ತಕ ಮಂಗಳೂರಲ್ಲೇ ಹೊರಬಂತು. ಇಂಗ್ಲಿಷ್ ದೊರೆಗಳು ಸಾಲ್ಮನ್ ಸಾಲ್ಮನ್ ಅಂತ ಬಾಯಿ ಬಡಿದುಕೊಳ್ಳುವ ಕಾಲದಲ್ಲಿ, ಗಾಳಕ್ಕೆ ಸಿಕ್ಕಿ ಜಗ್ಗುವುದರಲ್ಲಿ ಮಹಶೀರ್ ಅದನ್ನೂ ಮೀರಿಸುತ್ತದೆ ಅಂದವನು ಇವನು. ಹಿಡಿಯುವ ಆಸೆ ಇದ್ದವನಿಗೆ ಉಳಿಯಬೇಕೆಂಬ ಆಸೆಯೂ ಇತ್ತು. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಾಚುವುದು ಅವನನ್ನು ಕಾಡಿತು. ಅದೇ 1873ರಲ್ಲಿ ಫ್ರಾನ್ಸಿಸ್ ಡೇ ಇಡೀ ದೇಶದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ವರದಿ ಕೊಟ್ಟ. ಕಡೆಗೆ 1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯ್ದೆ ಬಂತು. ಹೊಳೆಗೆ ಡೈನಮೈಟ್ ಹಾಕುವಂತಿಲ್ಲ, ವಿಷ ಹಾಕುವಂತಿಲ್ಲ. ಹಾಕಿದರೆ ಎರಡು ತಿಂಗಳವರೆಗೆ ಜೈಲು, ಇಲ್ಲವೇ ಇನ್ನೂರು ರೂಪಾಯಿವರೆಗೆ ದಂಡ.

ಥಾಮಸನ ಇನ್ನೊಂದು ಪುಸ್ತಕದ ಹೆಸರು 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ', 1887ರದ್ದು. ಟ್ಯಾಂಕ್ ಅಂದರೆ ಕೆರೆ. ಇಂಗ್ಲಿಷಿಗೆ ಆ ಪದ ಹೋದದ್ದೇ ಗುಜರಾತಿ, ಪೋರ್ಚುಗೀಸಿನ ದಾರಿಯಲ್ಲಿ ನಮ್ಮ ಕಡೆಯಿಂದ ಅಂತ ನಿಘಂಟುಗಳು ಹೇಳುತ್ತವೆ. ಇಲ್ಲಿಂದ ಕೆರೆಯಾಗಿ ಹೋದದ್ದು ಗಾಜಿನ ಪೆಟ್ಟಿಗೆಯಾಗಿ ನನ್ನ ಹಾಲಿಗೆ ವಾಪಸು ಬಂದು ಕೂತಿದೆ.

ಗಾಜಿನ ಪೆಟ್ಟಿಗೆಯ ಕಥೆಯೂ ಅಷ್ಟೇನೂ ಚೆಂದದ್ದಲ್ಲ. 1846ರಲ್ಲಿ ಆನಾ ಥಿನ್ ಎಂಬ ಹೆಂಗಸು ಇಂಗ್ಲೆಂಡಿನ ಟಾರ್ಕೀ ತೀರದಿಂದ ಕಲ್ಲಿನ ಜಾಡಿಯಲ್ಲಿ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ನೀರು ಕೆಡದ ಹಾಗೆ ಮನೆಕೆಲಸದ ಹುಡುಗಿ ದಿನಾ ತೆರೆದ ಕಿಟಕಿಯ ಹತ್ತಿರ ನಿಂತು ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ಯಬೇಕಿತ್ತು. ಮುಂದಿನ ವರ್ಷ ಥಿನ್ ಅದಕ್ಕೆ ಕಡಲಪಾಚಿ ಸೇರಿಸಿದಳು. ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಜಗತ್ತಿನ ಮೊದಲ ಏರ್ ಪಂಪ್ ಆ ಹುಡುಗಿಯ ಕೈಗಳು; ಅವಳ ಹೆಸರನ್ನು ಯಾರೂ ನೆನಪಿಟ್ಟ ಹಾಗಿಲ್ಲ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದ ಅಕ್ವೇರಿಯಂ' ಬರೆದ. ಅದನ್ನು ಓದಿದ ಜನ ಬುಟ್ಟಿ, ಉಳಿ ಹಿಡಿದುಕೊಂಡು ಕಡಲ ತೀರಕ್ಕೆ ಮುಗಿಬಿದ್ದರು. ಬಂಡೆಗಳ ನಡುವಿನ ಗುಂಡಿಗಳೆಲ್ಲ ಬರಿದಾದವು. ತನ್ನ ತಂದೆಯೇ ತಿಳಿಯದೆ ಅದಕ್ಕೆ ದಾರಿ ತೋರಿಸಿದ ಅನ್ನುವ ಸಂಕಟವನ್ನು ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದುಕೊಂಡ. ಪಾಚಿಯಿಂದಲೇ ನೀರು ತೊಳೆಯಬಹುದು ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ವಾಲ್ಟರ್ ಏಡಿ, 1980ರ ಸುಮಾರಿಗೆ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿ.

ನನ್ನ ಟ್ಯಾಂಕಲ್ಲಿ ಹವಳ ಇಲ್ಲ, ಅದನ್ನು ಹೇಳಿಬಿಡುತ್ತೇನೆ. 2001ರಿಂದ ನಮ್ಮಲ್ಲಿ ಹವಳ, ಕಡಲಕುದುರೆಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ನನ್ನಲ್ಲಿ ಇದ್ದದ್ದು ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು, ಒಂದು ಸೀಗಡಿ, ನಾಲ್ಕು ಬಸವನಹುಳು.

ಇದ್ದದ್ದು ಅಂದೆ. ರೆಫ್ಯೂಜಿಯಂ ಇಟ್ಟು ಎರಡು ತಿಂಗಳಾಗಿತ್ತು, ನೈಟ್ರೇಟ್ 20ಕ್ಕೆ ಇಳಿದಿತ್ತು, ಟಾರ್ಚ್ ಹಾಕಿದರೆ ಪಾಚಿಯೊಳಗೆ ಕೋಪೆಪಾಡ್‌ಗಳು ಧೂಳಿನ ಕಣದ ಹಾಗೆ ಓಡಾಡುತ್ತಿದ್ದವು. ಅಷ್ಟರಲ್ಲಿ ಒಂದು ಕ್ಲೌನ್ ಮೀನಿನ ಮೈಮೇಲೆ ಬಿಳಿ ಚುಕ್ಕೆ. ಓದಿದೆ: ತಾಮ್ರದ ಔಷಧ. ಮೀನನ್ನು ಬೇರೆ ಬಕೆಟ್ಟಿಗೆ ಹಾಕಿ ಚಿಕಿತ್ಸೆ ಕೊಡಬೇಕು ಅಂತಲೂ ಓದಿದ್ದೆ. ರಾತ್ರಿ ಹನ್ನೊಂದೂವರೆ, ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗು, ಬಕೆಟ್ ತೊಳೆಯುವುದಕ್ಕೆ ಸೋಮಾರಿತನ. ನೇರವಾಗಿ ಟ್ಯಾಂಕಿಗೇ ಸುರಿದೆ. ತಾಮ್ರಕ್ಕೆ ಬೆನ್ನೆಲುಬು ಇಲ್ಲದ ಜೀವಿಗಳೆಂದರೆ ಆಗದು. ಬೆಳಗ್ಗೆ ಸೀಗಡಿ ಮಗ್ಗುಲಾಗಿ ಬಿದ್ದಿತ್ತು. ಬಸವನಹುಳುಗಳು ಗಾಜು ಬಿಟ್ಟು ಕೆಳಗುರುಳಿದ್ದವು. ಕೆಳಗಿನ ಖಾನೆಯಲ್ಲಿ ಟಾರ್ಚ್ ಹಾಕಿದೆ. ಏನೂ ಅಲ್ಲಾಡಲಿಲ್ಲ.

ಆಶ್ರಯದ ಜಾಗ ಅಂತ ಹೆಸರಿಟ್ಟರೆ ಆಯಿತೇ, ನೀರು ಒಂದೇ ತಾನೇ.

1996ರಲ್ಲಿ ಶಿಶಿಲದ ಹೊಳೆಗೆ ಕಿಡಿಗೇಡಿಗಳು ವಿಷ ಹಾಕಿದರು. ಸಾವಿರಾರು ದೇವರ ಮೀನು ಸತ್ತವು. ಆಗ ನಾನು ಎರಡನೇ ಕ್ಲಾಸು. ಮನೆಯಲ್ಲಿ ದೊಡ್ಡವರು ಸೂತಕದ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿದ್ದು ನೆನಪಿದೆ. ಅಜ್ಜಿ, ಮೀನು ತಿನ್ನುವ ಅಜ್ಜಿಯೇ, ಆ ದಿನ ಮೀನಿನ ಪದಾರ್ಥ ಮಾಡಲಿಲ್ಲ. ಸತ್ತ ಮೀನುಗಳ ನೆನಪಿಗೆ ಶಿಶಿಲದಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ರಾಜರಿಗೆ, ಸೈನಿಕರಿಗೆ ಕಟ್ಟಿದ್ದು ಬೇಕಾದಷ್ಟು ನೋಡಿದ್ದೀರಿ. ಮೀನಿಗೆ ಕಟ್ಟಿದ್ದು ನೋಡಬೇಕಾದರೆ ಅಲ್ಲಿಗೆ ಹೋಗಿ. ಮೀನು ಮತ್ತೆ ಬಂದಿವೆ. ಬಂದದ್ದು ಹೇಗೆ ಅಂದರೆ, ಹೊಳೆ ಬರೀ ಆ ಒಂದು ಗುಂಡಿ ಅಲ್ಲ. ಮೇಲೆ ಘಟ್ಟದವರೆಗೂ ಸಣ್ಣ ಸಣ್ಣ ಮಡುಗಳಿವೆ, ಕೆಳಗೆ ನೇತ್ರಾವತಿಯ ಬಳಗವಿದೆ. ನನ್ನ ಸಂಪ್‌ಗೆ ಅಂಥ ನೆಂಟರಿಲ್ಲ. ಇಂಗಾಲದ ಪುಡಿ ಹಾಕಿ ತಾಮ್ರ ತೆಗೆದು, ಪಾಚಿ, ಕೋಪೆಪಾಡ್ ಎರಡನ್ನೂ ಮತ್ತೆ ಕೊರಿಯರ್‌ನಲ್ಲಿ ತರಿಸಬೇಕಾಯ್ತು.

ಮೇಯಲ್ಲಿ ಊರಿಗೆ ಹೋದಾಗ ಮೂಡುಬಿದಿರೆಗೂ ಹೋಗಿದ್ದೆ. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಅಂತ ಆ ಊರಿನ ಲೆಕ್ಕ. 1430ರ ಸಾವಿರ ಕಂಬದ ಬಸದಿಗೆ ಬಸ್ಸು ತುಂಬ ಜನ ಬರುತ್ತಾರೆ, ಕೆರೆಗಳನ್ನು ಎಣಿಸಲು ಯಾರೂ ಬರುವುದಿಲ್ಲ. ಒಂದರ ಹೆಸರಂತೂ ಕಡಲಕೆರೆ. ಉಪ್ಪಿಲ್ಲದ ಕಡಲು! ಕಂಬಳಕ್ಕೆ ಹೋದವರಿಗೆ ಗೊತ್ತು. ಕೆರೆಯ ತರ್ಕವೂ ಟ್ಯಾಂಕಿನದ್ದೇ: ಬಂದದ್ದು ಹೋಗುವುದಿಲ್ಲ, ಕೂಡುತ್ತದೆ. ಎಲೆ, ಸೆಗಣಿ, ಗದ್ದೆಯಿಂದ ತೊಳೆದು ಬಂದ ಗೊಬ್ಬರ. ಅದಕ್ಕೆ ಹಳಬರ ಉಪಾಯ ಹೂಳೆತ್ತುವುದು. ಬೇಸಗೆಯಲ್ಲಿ ಕೆರೆಯ ತಳದ ಕಪ್ಪು ಮಣ್ಣು ತೆಗೆದು ಗದ್ದೆಗೆ, ತೋಟಕ್ಕೆ ಹಾಕಿದರೆ ಕೆರೆಗೆ ಭಾರವಾದದ್ದು ಬೆಳೆಗೆ ಊಟ. ನಾನು ವಾರಕ್ಕೊಮ್ಮೆ ಪಾಚಿ ಕೀಳುವುದೂ ಹೂಳೆತ್ತುವುದೇ, ಗಾತ್ರ ಮಾತ್ರ ಚಿಕ್ಕದು. ಹೂಳು ಯಾರಿಗೂ ಬೇಡವಾಗಿ, ಗೊಬ್ಬರ ಚೀಲದಲ್ಲಿ ಬರತೊಡಗಿದ ಮೇಲೆ ಕೆರೆಗಳು ಅಂತರಗಂಗೆಯಿಂದ ಹಸಿರಾದವು. ಹಸಿರಾದ ಕೆರೆಯನ್ನು ಫೋಟೋ ಹೊಡೆದು 'ನೇಚರ್' ಅಂತ ಹಾಕುವವರೂ ಇದ್ದಾರೆ, ಇರಲಿ.

ಆ ಸಲ ಮಾವನ ಮನೆಯಲ್ಲಿ ಮದ್ದು ಬಿಡುವ ತಯಾರಿ ನಡೆದಿತ್ತು. ಅಡಿಕೆ ಊರಿನವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ: ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಮದ್ದು ಇದು. ಇದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದ್ದು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಹೊತ್ತಿಗೆ. ಅದಿಲ್ಲದಿದ್ದರೆ ಮಾವನ ಮಕ್ಕಳು ಇಂಜಿನಿಯರಿಂಗ್ ಓದುತ್ತಿರಲಿಲ್ಲ, ನಾನೂ ಓದುತ್ತಿರಲಿಲ್ಲ. ಅಂಗಳದಲ್ಲಿ ನೀಲಿ ಹರಳುಗಳನ್ನು ನೋಡುತ್ತಾ ನಿಂತೆ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟು. ನನ್ನ ಸೀಗಡಿಯನ್ನು ಕೊಂದದ್ದು ಅದೇ ತಾಮ್ರ.

"ಮಾವ, ಮದ್ದು ಬಿಟ್ಟ ಮೇಲೆ ಡ್ರಮ್ಮು ಎಲ್ಲಿ ತೊಳೆಯುದು?"

"ತೋಡಿನಲ್ಲಿ. ಮತ್ತೆಲ್ಲಿ ತೊಳೆಯುದು?"

ನಾನು ಏನೂ ಅನ್ನಲಿಲ್ಲ. ಅವರೇ ಸ್ವಲ್ಪ ಹೊತ್ತು ಬಿಟ್ಟು ಅಂದರು, "ಈ ತೋಡು ಶಿಶಿಲಕ್ಕೆ ಹೋಗುದಿಲ್ಲ ಮಾರಾಯ. ಕೆಳಗೆ ಹೋಗುದು."

ಕೆಳಗೆ ಅಂದರೆ ನೇತ್ರಾವತಿ. ಅದರ ಕೆಳಗೆ ಉಪ್ಪಿನಂಗಡಿ, ಹೆಸರಲ್ಲೇ ಉಪ್ಪಿನ ಅಂಗಡಿ ಇರುವ ಊರು. ಅದರ ಕೆಳಗೆ ಬಂಟ್ವಾಳ. ರಸ್ತೆಗಳು ಬರುವ ಮುಂಚೆ ಮಂಗಳೂರಿನ ದೋಣಿಗಳು ಸರಕು ಹೊತ್ತು ಬಂದು ನಿಲ್ಲುತ್ತಿದ್ದ ಪೇಟೆ ಅದು. 1923ರಲ್ಲಿ, 1974ರಲ್ಲಿ ಇದೇ ಹೊಳೆ ಉಕ್ಕಿ ಊರೊಳಗೆ ಬಂದದ್ದನ್ನು ಅಲ್ಲಿಯವರು ಇವತ್ತಿಗೂ ಇಸವಿ ಹಿಡಿದು ಹೇಳುತ್ತಾರೆ. ಬಂಟ್ವಾಳ ದಾಟಿದರೆ ತುಂಬೆಯ ಕಿಂಡಿ ಅಣೆಕಟ್ಟು. ಮಂಗಳೂರು ನಗರ ಕುಡಿಯುವುದು ಅಲ್ಲಿ ನಿಲ್ಲಿಸಿದ ನೀರನ್ನು. ನನ್ನ ಅಕ್ಕನ ಮನೆ ಮಂಗಳೂರಲ್ಲಿ, ಮಾವನ ಸೊಸೆಯೇ ಅಂತಿಟ್ಟುಕೊಳ್ಳಿ. ಒಂದು ಡ್ರಮ್ಮಿನ ತಾಮ್ರ ಅಷ್ಟು ದೂರ ಹೋಗಿ ಏನು ಮಾಡೀತು? ಬಹುಶಃ ಏನೂ ಇಲ್ಲ. ಆದರೆ ತೋಡಿನ ಸೀಗಡಿ, ಏಡಿ, ಮೊದಲ ಮಳೆಗೆ ಗದ್ದೆಗೆ ಏರಿ ಬರುತ್ತಿದ್ದ ಉಬೇರ್ ಮೀನು (ಕ್ಯಾಬ್ ಅಲ್ಲ, ನಮ್ಮ ತುಳುವಿನ ಉಬೇರ್), ಅವೆಲ್ಲ ಇರುವುದು ಡ್ರಮ್ಮಿನಿಂದ ಹತ್ತು ಮಾರು ಕೆಳಗೆ.

ಜಗಳ ಆಡುವ ಯೋಗ್ಯತೆ ನನಗಿರಲಿಲ್ಲ. ಬಕೆಟ್ ತೊಳೆಯುವ ಸೋಮಾರಿತನಕ್ಕೆ ಒಂದು ರಾತ್ರಿಯಲ್ಲಿ ಎಲ್ಲವನ್ನೂ ಕೊಂದವನು ನಾನು. ಮಾವನದ್ದು ಸೋಮಾರಿತನ ಅಲ್ಲ, ಜಡಿಮಳೆಯ ನಡುವೆ ಸಿಕ್ಕಿದ ಎರಡು ಬಿಸಿಲಿನ ದಿನದಲ್ಲಿ ಮುಗಿಸಬೇಕಾದ ಕೆಲಸ. ಹಾಗಾಗಿ ಸೀಗಡಿಯ ಕಥೆ ಹೇಳಿದೆ, ಅಷ್ಟೇ. ಅವರು ಎಲೆಅಡಿಕೆ ಜಗಿಯುತ್ತಾ ಪೂರ್ತಿ ಕೇಳಿ, "ಎಷ್ಟು ರೂಪಾಯಿದ್ದು ಆ ಸೀಗಡಿ?" ಅಂದರು. ಹೇಳಿದೆ. "ಅಷ್ಟಕ್ಕೆ ನಮ್ಮಲ್ಲಿ ಎರಡು ಕಿಲೋ ಬರ್ತದೆ" ಅಂದರು.

ಜುಲೈಯಲ್ಲಿ ಮತ್ತೆ ಫೋನ್ ಬಂತು. ಮೊದಲನೇ ಮದ್ದು ಮುಗಿಯಿತಂತೆ. ಡ್ರಮ್ ತೊಳೆದ ನೀರನ್ನು ಈ ಸಲ ಅಡಿಕೆ ಮರದ ಬುಡಕ್ಕೇ ಹೊಯ್ದರಂತೆ, "ಮದ್ದು ಸುಮ್ಮನೆ ಹಾಳು ಮಾಡುದು ಯಾಕೆ, ಕಿಲೋಗೆ ಎಷ್ಟಾಗಿದೆ ಗೊತ್ತುಂಟಾ?" ಕಾರಣ ಅದೇ ಇರಬಹುದು. ನಾನು ಕೆದಕಲಿಲ್ಲ. ಈಚೆ ಸಂಪ್‌ನ ದೀಪ ಹತ್ತುವ ಹೊತ್ತಾಗಿತ್ತು. ಮುಷ್ಟಿ ತುಂಬ ಪಾಚಿ ಕಿತ್ತು, ಉಪ್ಪು ಹೋಗುವ ಹಾಗೆ ಸಿಂಕಲ್ಲಿ ಎರಡು ಸಲ ತೊಳೆದು, ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹಾಕಿದೆ. ಟೆಸ್ಟ್ ಕಿಟ್ಟಿನ ಬಣ್ಣ ತಿಳಿ ಕಿತ್ತಳೆಗೆ ಬಂದಿದೆ, ಹತ್ತೋ ಹದಿನೈದೋ. ಪಾಚಿಯೊಳಗೆ ಟಾರ್ಚ್ ಹಾಕಿದರೆ ಎರಡು ಮೂರು ಬಿಳಿ ಚುಕ್ಕೆ ಓಡಾಡುತ್ತವೆ. ಸೀಗಡಿ ಇನ್ನೂ ತಂದಿಲ್ಲ.